ನಗರದ ಪಕ್ಕದ ಬಡಾವಣೆಯಲ್ಲಿ ಮನೆ: ತಿಂಗಳ ನಿಜವಾದ ಖರ್ಚು ಲೆಕ್ಕ ಹಾಕುವುದು ಹೇಗೆ?

ಊರಿನ ನಡುವೆ ಬಾಡಿಗೆ ಕೈಗೆಟುಕುವುದಿಲ್ಲ. ತೀರಾ ಹೊರಗೆ ಹೋದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಹಾಗಾಗಿ ಎಲ್ಲರ ಕಣ್ಣೂ ದೊಡ್ಡ ನಗರಕ್ಕೆ ಅಂಟಿಕೊಂಡ ಉಪನಗರದ ಮೇಲೆ. ಬಾಡಿಗೆ ಕೇಳುತ್ತೇವೆ, ಸಂಬಳದಲ್ಲಿ ಕಳೆಯುತ್ತೇವೆ, ಪರವಾಗಿಲ್ಲ ಅನ್ನಿಸಿದರೆ ಅಡ್ವಾನ್ಸ್ ಕೊಟ್ಟುಬಿಡುತ್ತೇವೆ. ಮೂರು ತಿಂಗಳಾದ ಮೇಲೆ ದುಡ್ಡೆಲ್ಲಾ ಎಲ್ಲಿ ಹೋಯಿತು ಅಂತ ಹುಡುಕುತ್ತೇವೆ. ಅಡ್ವಾನ್ಸ್ ಕೊಡುವ ಮುಂಚೆಯೇ ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಗೆರೆ ಎಳೆಯಿರಿ: ಊರ ನಡುವೆ, ಹತ್ತಿರ, ದೂರ.

1. ಬಾಡಿಗೆಯ ಜೊತೆ ಬರುವುದನ್ನೆಲ್ಲ ಬರೆಯಿರಿ

ಮೇಂಟೆನೆನ್ಸ್, ಪಾರ್ಕಿಂಗ್, ನೀರು, ಕರೆಂಟು, ಕಸದ ಶುಲ್ಕ. ಇವುಗಳಲ್ಲಿ ಯಾವುದು ಬಾಡಿಗೆಯೊಳಗೆ, ಯಾವುದು ಹೊರಗೆ ಅಂತ ಬಾಯಿಬಿಟ್ಟು ಕೇಳಿ. ಉಪನಗರದಲ್ಲಿ ಇನ್ನೊಂದು ವಿಷಯವಿದೆ. ನಗರದ ಗಡಿ ದಾಟಿದರೆ ಸ್ಥಳೀಯ ಆಡಳಿತವೇ ಬೇರೆ ಇರಬಹುದು. ಒಂದೇ ರಸ್ತೆಯ ಈ ಬದಿಗೆ ಒಂದು ದರ, ಆ ಬದಿಗೆ ಇನ್ನೊಂದು. ಈಗ ಅಲ್ಲಿರುವವರ ಹಳೆಯ ಬಿಲ್ ಒಂದೆರಡು ನೋಡಿದರೆ ಸಾಕು.

2. ಓಡಾಟವನ್ನು ಬಾಡಿಗೆಗೆ ಕೂಡಿಸಿ

ನನ್ನ ಪ್ರಕಾರ ಇಡೀ ಲೆಕ್ಕ ನಿಂತಿರುವುದೇ ಇಲ್ಲಿ. ಸಂತೆಯಿಂದ ದೂರ ಹೋದಷ್ಟೂ ಸಾಗಾಟದ ಖರ್ಚು ಏರುತ್ತದೆ, ಅದಕ್ಕೇ ಜಮೀನಿನ ಗೇಣಿ ಇಳಿಯುತ್ತದೆ ಅಂತ 1826ರಲ್ಲೇ ಜರ್ಮನಿಯ ಅರ್ಥಶಾಸ್ತ್ರಜ್ಞ ಫಾನ್ ಥ್ಯೂನೆನ್ ಲೆಕ್ಕ ಹಾಕಿ ತೋರಿಸಿದ್ದ. ಅವನು ಯೋಚಿಸುತ್ತಿದ್ದದ್ದು ಬೆಳೆಯ ಬಗ್ಗೆ. 1964ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಅಲೊನ್ಸೊ ಅದೇ ಮಾತನ್ನು ನಗರದ ಮನೆಗಳಿಗೆ ಹೊಂದಿಸಿದರು. ಅಂದರೆ ದೂರದ ಮನೆಯ ಬಾಡಿಗೆ ಸುಮ್ನೆ ಕಡಿಮೆ ಇರುವುದಿಲ್ಲ. ಬಾಡಿಗೆಯಲ್ಲಿ ಉಳಿಸಿದ ದುಡ್ಡನ್ನು ಬಸ್ಸಿಗೋ ಪೆಟ್ರೋಲಿಗೋ ಕೊಟ್ಟಿರುತ್ತೀರಿ.

ಬಾಡಿಗೆ ಸಂಬಳದ 30% ಮೀರಬಾರದು ಅನ್ನುವ ಮಾತು ಕೇಳಿರುತ್ತೀರಿ. ಅಮೆರಿಕದ ಷಿಕಾಗೋದಲ್ಲಿರುವ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಮನೆ ಮತ್ತು ಓಡಾಟ ಎರಡನ್ನೂ ಸೇರಿಸಿ 45% ಅಂತ ಮಿತಿ ಇಟ್ಟುಕೊಂಡಿದೆ. ನನಗೆ ಈ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಬಾಡಿಗೆ 25% ಇದ್ದು ಓಡಾಟ 22% ತಿನ್ನುವ ಮನೆಗಿಂತ, ಬಾಡಿಗೆ 33% ಇದ್ದು ಓಡಾಟಕ್ಕೆ 6% ಹೋಗುವ ಮನೆಯೇ ಅಗ್ಗ.

ಓಡಾಟ ಅಂದರೆ ಬರೀ ಪಾಸಿನ ದುಡ್ಡಲ್ಲ. ಸ್ಟೇಷನ್‌ವರೆಗಿನ ಆಟೋ ಸೇರಿಸಿ. ಕೊನೆಯ ಬಸ್ಸು ತಪ್ಪಿದ ರಾತ್ರಿಗಳನ್ನೂ ಸೇರಿಸಿ, ತಿಂಗಳಿಗೆ ಮೂರು ಇದ್ದೇ ಇರುತ್ತವೆ. ಗಾಡಿ ಇದ್ದರೆ ಕಂತು, ಇನ್ಶೂರೆನ್ಸ್, ಸರ್ವಿಸ್, ಟೈರು ಎಲ್ಲವನ್ನೂ ವರ್ಷಕ್ಕೆ ಕೂಡಿ 12ರಿಂದ ಭಾಗಿಸಿ. ನಿಲ್ಲಿಸಿಟ್ಟರೂ ಗಾಡಿಯ ಬೆಲೆ ವರ್ಷವರ್ಷ ಇಳಿಯುತ್ತದೆ, ಅದೂ ಖರ್ಚೇ. ಆಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿಗೆ ಬಂದರೆ ಮನೆಯಲ್ಲಿರುವ ಒಂದು ಗಾಡಿಯನ್ನು ಮಾರಬಹುದಾ? ಹೌದು ಅಂತಾದರೆ ಸ್ವಲ್ಪ ಜಾಸ್ತಿ ಬಾಡಿಗೆಗೆ ಹೆದರಬೇಕಿಲ್ಲ. ಬದಲಿಗೆ ಹೊಸದಾಗಿ ಗಾಡಿ ಕೊಳ್ಳಬೇಕಾಗಿ ಬಂದರೆ, ಆ 'ಅಗ್ಗದ' ಮನೆ ಅಗ್ಗವಲ್ಲ.

3. ಸಮಯವನ್ನು ಬರೆಯಿರಿ, ಆದರೆ ದುಡ್ಡಿಗೆ ಬೆರೆಸಬೇಡಿ

ಒಂದು ಕಡೆಗೆ 20 ನಿಮಿಷ ಹೆಚ್ಚು ಅಂದರೆ ಏನು ಮಹಾ ಅನ್ನಿಸುತ್ತದೆ. ದಿನಕ್ಕೆ 40 ನಿಮಿಷ, ತಿಂಗಳಿಗೆ 22 ದಿನ ಅಂತ ಇಟ್ಟುಕೊಂಡರೆ ವರ್ಷಕ್ಕೆ 176 ಗಂಟೆ. ಎಂಟು ಗಂಟೆಯ ದಿನದ ಲೆಕ್ಕದಲ್ಲಿ 22 ದಿನ, ಒಂದು ತಿಂಗಳ ಪೂರ್ತಿ ಕೆಲಸ. ಇದಕ್ಕೆ ಬೆಲೆ ಕಟ್ಟಿ ಕೂಡಿಸಲು ಹೋದರೆ ಲೆಕ್ಕ ಕಲಸುಮೇಲೋಗರ ಆಗುತ್ತದೆ. ಹಾಳೆಯ ಕೆಳಗೆ ಬೇರೆ ಸಾಲಿನಲ್ಲಿ ಇರಲಿ.

4. ಸೋಮವಾರ ಬೆಳಿಗ್ಗೆ ಹೋಗಿ ನೋಡಿ

ನಾನು ಒಮ್ಮೆ ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋಗಿದ್ದೆ. ಸ್ಟೇಷನ್ ಹತ್ತೇ ನಿಮಿಷ ಅಂದರು ಮಾಲೀಕರು, ಹತ್ತೇ ನಿಮಿಷ ಆಯಿತು. ಮನೆ ಸೇರಿದ ಮೊದಲ ಸೋಮವಾರ ಗೊತ್ತಾಯಿತು, ನಡುವೆ ರೈಲ್ವೆ ಗೇಟ್ ಇದೆ ಅಂತ. ಗೇಟ್ ಬಿದ್ದಿತ್ತು. ಹಿಂದೆ ಬಸ್ಸು, ಮುಂದೆ ಲಾರಿ, ನಡುವೆ ಮೀಟರ್ ಓಡಿಸುತ್ತಾ ನನ್ನ ಆಟೋ. ನನ್ನ ರೈಲು ಕಣ್ಣೆದುರೇ ಹಾದು ಹೋಯಿತು. ಆ ತಿಂಗಳು ಆಟೋಗೆ ಕೊಟ್ಟದ್ದು ರೈಲು ಪಾಸಿನ ಎರಡರಷ್ಟು!

5. ಒಂದೇ ಸಲ ಕೊಡುವ ದುಡ್ಡನ್ನು ತಿಂಗಳಿಗೆ ಹಂಚಿ

ಬ್ರೋಕರ್ ಕಮಿಷನ್ ಒಂದು ತಿಂಗಳ ಬಾಡಿಗೆ ಅಂತ ಇಟ್ಟುಕೊಳ್ಳಿ. ವರ್ಷದಲ್ಲೇ ಮನೆ ಬಿಟ್ಟರೆ ಬಾಡಿಗೆ ಸುಮಾರು 8% ಏರಿದಂತೆ. ಮೂರು ವರ್ಷ ಇದ್ದರೆ 3%ಗಿಂತ ಕಡಿಮೆ. ಸಾಮಾನು ಸಾಗಿಸುವ ಲಾರಿ, ಬಣ್ಣ, ಪರದೆ ಎಲ್ಲಕ್ಕೂ ಇದೇ ಲೆಕ್ಕ.

ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ ಅನ್ನುವುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಈಗ 100 ಇರುವ ಬಾಡಿಗೆ ವರ್ಷಕ್ಕೆ 10% ಏರಿದರೆ ಮೂರು ಏರಿಕೆಯ ನಂತರ 133. 5% ಆದರೆ 116. ಹೊಸ ರೈಲು ಮಾರ್ಗ ಬರುತ್ತದೆ ಅನ್ನುವ ಕಡೆ ಇದನ್ನು ಮರೆಯಲೇಬೇಡಿ. ಬಾಡಿಗೆ ಏರಿಕೆ ಎಷ್ಟೋ ಸಲ ರೈಲಿಗಿಂತ ಮುಂಚೆ ಬಂದಿರುತ್ತದೆ.

ದಿನಸಿ, ತರಕಾರಿ ಬೆಲೆಗೆ ತಲೆಕೆಡಿಸಿಕೊಳ್ಳಬೇಡಿ. ಉಳಿದ ಸಾಲುಗಳ ಮುಂದೆ ಆ ವ್ಯತ್ಯಾಸ ಚಿಲ್ಲರೆ.

6. ಈಗ ಕೂಡಿ

ಮೂರು ಕಾಲಂಗಳ ಮೊತ್ತದಲ್ಲಿ ದೊಡ್ಡ ಅಂತರವಿದ್ದರೆ ಉತ್ತರ ನಿಮ್ಮ ಎದುರೇ ಇದೆ. ಅಂತರ 5%ರೊಳಗಿದ್ದರೆ ಸಮಯದ ಸಾಲು ನೋಡಿ, ಅದು ಕಡಿಮೆ ಇರುವ ಮನೆಯನ್ನೇ ಹಿಡಿಯಿರಿ. ನಾವು ಎರಡನೇ ಸಲ ಗೇಟಿನ ಈಚೆ, ಸ್ಟೇಷನ್ ಇರುವ ಬದಿಗೇ ಮನೆ ಮಾಡಿದೆವು. ಬಾಡಿಗೆ ಜಾಸ್ತಿಯೇ. ಸ್ಟೇಷನ್‌ಗೆ ನಡೆದೇ ಹೋಗುತ್ತೇನೆ, ನಾಲ್ಕನೇ ತಿಂಗಳಿಗೆ ಸ್ಕೂಟರ್ ಮಾರಿದೆ.