ನಾಲ್ಕು ಬಣ್ಣ ಕಾಣುವವರೆಗೆ: ಸೋರ್ಸ್‌ನಿಂದ ಪ್ಯಾರಾವ್ಯೂ ಬಿಲ್ಡ್ ಮಾಡಿದ ನನ್ನ ಅನುಭವ

ಸಿಮ್ಯುಲೇಶನ್‌ಗಳ ಡೇಟಾವನ್ನು ಚಿತ್ರವಾಗಿ ತೋರಿಸುವ ಪ್ರೋಗ್ರಾಂ ಪ್ಯಾರಾವ್ಯೂ. ಅದು ಬೇಕಿದ್ದರೆ ರೆಡಿ ಪ್ಯಾಕೇಜ್ ಸಿಗುತ್ತದೆ. ಇಳಿಸಿಕೊಂಡು, ಬಿಚ್ಚಿ, ಓಡಿಸಿದರೆ ಆಯಿತು. ಹೆಚ್ಚಿನವರಿಗೆ ಅಷ್ಟು ಸಾಕು, ನನಗೂ ಬಹಳ ದಿನ ಅದೇ ಸಾಕಾಗಿತ್ತು. ಸೋರ್ಸ್‌ನಿಂದಲೇ, ಅಂದರೆ ಮೂಲ ಕೋಡ್ ನಾನೇ ಕಂಪೈಲ್ ಮಾಡಿ, ಬಿಲ್ಡ್ ಮಾಡಬೇಕಾಗಿ ಬಂದದ್ದು ಎರಡು ಕಾರಣಕ್ಕೆ. ಒಂದು, ನಾನು ಕೆಲಸ ಮಾಡುವ ಸಿಮ್ಯುಲೇಶನ್ ಕೋಡ್ ತನ್ನದೇ ಬೈನರಿ ಫಾರ್ಮ್ಯಾಟ್‌ನಲ್ಲಿ ಫೈಲ್ ಬರೆಯುತ್ತದೆ, ಅದನ್ನು ಓದುವ ಸಿ ಪ್ಲಸ್ ಪ್ಲಸ್ ಕೋಡ್ ಮೊದಲೇ ಇತ್ತು, ಅದನ್ನೇ ಪ್ಲಗಿನ್ ಮಾಡಿ ಪ್ಯಾರಾವ್ಯೂ ಒಳಗೆ ಕೂರಿಸಬೇಕಿತ್ತು. ಎರಡು, ಫೈಲ್‌ಗಳು ದೊಡ್ಡವು, ನನ್ನ ಮುಂದಿರುವ ಯಂತ್ರದಲ್ಲಿ ತೆರೆಯುವ ಮಾತೇ ಇಲ್ಲ. ಡೇಟಾ ಇರುವ ಸರ್ವರ್‌ನಲ್ಲೇ ಹಲವು ಪ್ರೊಸೆಸ್ ಸೇರಿ ಓದಿ, ಚಿತ್ರ ಬರೆದು ಕಳಿಸಬೇಕು. ಅದಕ್ಕೆ ಆ ಸರ್ವರ್‌ನಲ್ಲಿರುವ ಎಂಪಿಐ (ಪ್ರೊಸೆಸ್‌ಗಳು ಒಂದರೊಡನೊಂದು ಮಾತಾಡಲು ಬಳಸುವ ಲೈಬ್ರರಿ) ಜೊತೆಗೇ ಪ್ಯಾರಾವ್ಯೂ ಕಂಪೈಲ್ ಆಗಿರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಮ್ನೆ ಒಂದು ಹೊಸ ಫಾರ್ಮ್ಯಾಟ್ ಓದುವುದಷ್ಟೇ ನಿಮ್ಮ ಕೆಲಸವಾದರೆ ಇಷ್ಟೆಲ್ಲ ಬೇಡ. ಪೈಥಾನ್‌ನಲ್ಲಿ ರೀಡರ್ ಬರೆದು ರೆಡಿ ಪ್ಯಾಕೇಜ್‌ಗೇ ಪ್ಲಗಿನ್ ಆಗಿ ಲೋಡ್ ಮಾಡಬಹುದು, ಏನನ್ನೂ ಕಂಪೈಲ್ ಮಾಡಬೇಕಿಲ್ಲ. ಸಿ ಪ್ಲಸ್ ಪ್ಲಸ್ ಪ್ಲಗಿನ್‌ನ ಕಥೆ ಬೇರೆ. ಅದು ಯಾವ ಪ್ಯಾರಾವ್ಯೂ ಒಳಗೆ ಹೋಗಬೇಕೋ ಅದೇ ಆವೃತ್ತಿ, ಅದೇ ಕಂಪೈಲರ್, ಅದೇ ಕ್ಯೂಟಿ (ಕಿಟಕಿ, ಮೆನುಗಳನ್ನು ತೋರಿಸುವ ಲೈಬ್ರರಿ) ಜೊತೆ ಕಟ್ಟಿದ್ದಾಗಿರಬೇಕು.

ನಾನು ತೆಗೆದುಕೊಂಡದ್ದು 5.11 ಆವೃತ್ತಿ. ಪ್ಯಾರಾವ್ಯೂ ಒಂಟಿ ಪ್ರೋಗ್ರಾಂ ಅಲ್ಲ ಅನ್ನುವುದು ಸೋರ್ಸ್ ತೆರೆದ ಕೂಡಲೇ ಗೊತ್ತಾಗುತ್ತದೆ. ಇದರ ಬುಡದಲ್ಲಿ ವಿಟಿಕೆ ಇದೆ, ಡೇಟಾವನ್ನು ಚಿತ್ರವಾಗಿಸುವ, 1993ರಿಂದ ಬೆಳೆದುಕೊಂಡು ಬಂದ ಲೈಬ್ರರಿ. ಅದರ ಮೇಲೆ ದೊಡ್ಡ ಡೇಟಾವನ್ನು ಹಂಚಿಕೊಂಡು ನೋಡುವ ಕೆಲಸಕ್ಕೆಂದು 2000ದಲ್ಲಿ ಕಿಟ್‌ವೇರ್ ಕಂಪನಿ ಮತ್ತು ಲಾಸ್ ಅಲಾಮೋಸ್ ಪ್ರಯೋಗಾಲಯ ಸೇರಿ ಪ್ಯಾರಾವ್ಯೂ ಶುರು ಮಾಡಿದರು. ಹಾಗಾಗಿ ಪ್ಯಾರಾವ್ಯೂ ರೆಪೊಸಿಟರಿಯೊಳಗೆ ವಿಟಿಕೆ ಒಂದು ಸಬ್‌ಮಾಡ್ಯೂಲ್ (ಒಳಗೆ ಸೇರಿಸಿದ ಬೇರೆ ರೆಪೊಸಿಟರಿ) ಆಗಿ ಕೂತಿದೆ. ನನ್ನ ಮೊದಲ ಎಡವಟ್ಟು ಇಲ್ಲೇ ಆಯಿತು. ಕ್ಲೋನ್ ಮಾಡುವಾಗ ರಿಕರ್ಸಿವ್ ಅಂತ ಹೇಳಲಿಲ್ಲ. ಫೋಲ್ಡರ್‌ಗಳೆಲ್ಲ ಕಾಣುತ್ತಿದ್ದವು, ಆದರೆ ವಿಟಿಕೆ ಫೋಲ್ಡರ್ ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ಆಮೇಲೆ ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ ಕೊಟ್ಟು, ಜೊತೆಗೆ ಇನಿಟ್, ರಿಕರ್ಸಿವ್ ಎರಡನ್ನೂ ಸೇರಿಸಿದಾಗ ತುಂಬಿಕೊಂಡಿತು. ಆವೃತ್ತಿ ಬದಲಿಸಲು ಬೇರೆ ಟ್ಯಾಗ್‌ಗೆ ಹೋದಾಗಲೂ ಈ ಕಮಾಂಡ್ ಮತ್ತೆ ಓಡಿಸಬೇಕು. ಇಲ್ಲದಿದ್ದರೆ ಪ್ಯಾರಾವ್ಯೂ ಹೊಸದು, ಒಳಗಿನ ವಿಟಿಕೆ ಹಳೆಯದು ಆಗಿ, ಸಂಬಂಧವೇ ಇಲ್ಲದ ಜಾಗದಲ್ಲಿ ಎರರ್ ಬರುತ್ತದೆ.

ಬಿಲ್ಡ್‌ಗೆ ಸೋರ್ಸ್‌ನ ಪಕ್ಕದಲ್ಲಿ ಬೇರೆಯೇ ಫೋಲ್ಡರ್ ಮಾಡಿಕೊಳ್ಳಿ. ಕೆಟ್ಟರೆ ಅದೊಂದನ್ನು ಅಳಿಸಿ ಮತ್ತೆ ಶುರು ಮಾಡಬಹುದು, ಸೋರ್ಸ್‌ಗೆ ಏನೂ ಆಗುವುದಿಲ್ಲ. ಕ್ಯೂಟಿ, ಗ್ರಾಫಿಕ್ಸ್‌ಗೆ ಬೇಕಾದ ಓಪನ್‌ಜಿಎಲ್, ಪೈಥಾನ್, ಎಂಪಿಐ ಇವುಗಳ ಡೆವಲಪ್‌ಮೆಂಟ್ ಪ್ಯಾಕೇಜ್‌ಗಳೂ ಬೇಕು. ಲೈಬ್ರರಿ ಇದ್ದು ಹೆಡರ್ ಫೈಲ್ ಇಲ್ಲದಿದ್ದರೆ ಕಂಪೈಲರ್‌ಗೆ ಅದರಿಂದ ಉಪಯೋಗವಿಲ್ಲ.

ಇನ್ನು ಸಿಮೇಕ್, ಯಾವ ಲೈಬ್ರರಿ ಎಲ್ಲಿದೆ ಅಂತ ಹುಡುಕಿ ಬಿಲ್ಡ್‌ಗೆ ತಯಾರಿ ಮಾಡುವ ಸಾಧನ. ನನ್ನ ಮಟ್ಟಿಗೆ ಇಡೀ ಕೆಲಸ ಇರುವುದೇ ಇಲ್ಲಿ. ಕಂಪೈಲ್ ಆಗುವುದು ಗಂಟೆಗಟ್ಟಲೆ, ಕಾನ್ಫಿಗರ್ ಆಗುವುದು ಕೆಲವೇ ನಿಮಿಷ. ಆದರೆ ಆಮೇಲೆ ನನಗೆ ಸಿಕ್ಕಿದ ತೊಂದರೆಗಳಲ್ಲಿ ಹೆಚ್ಚಿನವು ಆ ಕೆಲವು ನಿಮಿಷದಲ್ಲೇ ಹುಟ್ಟಿದ್ದವು. ಸ್ವಿಚ್‌ಗಳು ಜಾಸ್ತಿ ಏನಿರಲಿಲ್ಲ: ಪೈಥಾನ್ ಆನ್, ಎಂಪಿಐ ಆನ್, ಥ್ರೆಡ್‌ಗಳಿಗೆ ಟಿಬಿಬಿ ಲೈಬ್ರರಿ, ಜನರೇಟರ್ ನಿಂಜಾ (ಕಂಪೈಲ್ ಕೆಲಸಗಳನ್ನು ಓಡಿಸುವ ಸಾಧನ), ಬಿಲ್ಡ್ ಟೈಪ್ ರಿಲೀಸ್. ಸಿಮೇಕ್ ಓಡಿತು, ಕೊನೆಗೆ ಕಾನ್ಫಿಗರ್ ಆಯಿತು ಅಂತ ಬಂತು, ನಾನು ಮೇಲಿನ ಸಾಲುಗಳನ್ನು ಓದದೆ ನಿಂಜಾ ಶುರು ಮಾಡಿಬಿಟ್ಟೆ.

ಅರ್ಧಕ್ಕಿಂತ ಮುಂದೆ ಹೋದಮೇಲೆ ಲಿಂಕ್ ಮಾಡುವಾಗ ನಿಂತಿತು. ಎಚ್‌ಡಿಎಫ್5 (ಡೇಟಾ ಫೈಲ್ ಓದಿ ಬರೆಯುವ ಲೈಬ್ರರಿ), ಕ್ಯೂಟಿ ಎರಡರ ಹೆಸರೂ ಬರುವ, ಒಂದಕ್ಕೊಂದು ತಾಳೆಯಾಗದ ಎರರ್‌ಗಳು. ಒಂದು ಸಂಜೆ ಪೂರ್ತಿ ಆ ಎರರ್‌ಗಳ ಬೆನ್ನು ಹತ್ತಿ ಏನೂ ಸಿಗಲಿಲ್ಲ. ಆಮೇಲೆ ಬಿಲ್ಡ್ ಫೋಲ್ಡರ್‌ನಲ್ಲಿರುವ ಸಿಮೇಕ್‌ಕ್ಯಾಶ್ ಫೈಲ್ ತೆರೆದು, ಯಾವ ಲೈಬ್ರರಿ ಯಾವ ದಾರಿಯಲ್ಲಿ ಸಿಕ್ಕಿದೆ ಅಂತ ಒಂದೊಂದೇ ಸಾಲು ನೋಡಿದೆ. ಎಂಪಿಐ ಸಿಸ್ಟಮ್‌ನದು. ಓಪನ್‌ಜಿಎಲ್ ಸಿಸ್ಟಮ್‌ನದು. ಪೈಥಾನ್ ಮಾತ್ರ ನನ್ನ ಹೋಮ್ ಫೋಲ್ಡರ್‌ನಿಂದ! ಬೇರೆ ಕೆಲಸಕ್ಕೆ ಹಾಕಿಕೊಂಡಿದ್ದ ಒಂದು ಪೈಥಾನ್ ಎನ್ವಿರಾನ್‌ಮೆಂಟ್ ಆ ಟರ್ಮಿನಲ್‌ನಲ್ಲಿ ಚಾಲೂ ಇತ್ತು, ಅದು ತನ್ನದೇ ಕ್ಯೂಟಿಯನ್ನೂ ತನ್ನದೇ ಎಚ್‌ಡಿಎಫ್5ನ್ನೂ ಜೊತೆಗೆ ಇಟ್ಟುಕೊಂಡಿತ್ತು. ಸಿಮೇಕ್ ಪಾಥ್‌ನಲ್ಲಿ ಮೊದಲು ಕಂಡದ್ದನ್ನು ಎತ್ತಿಕೊಂಡಿದೆ. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ.

ಎನ್ವಿರಾನ್‌ಮೆಂಟ್ ಆಫ್ ಮಾಡಿ ಮತ್ತೆ ಸಿಮೇಕ್ ಓಡಿಸಿದೆ. ಅದೇ ಹಳೇ ದಾರಿ ತೋರಿಸಿತು. ಯಾಕಂದರೆ ಸಿಮೇಕ್ ಒಮ್ಮೆ ಕಂಡುಕೊಂಡದ್ದನ್ನು ಕ್ಯಾಶ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಮುಂದಿನ ಸಲ ಹುಡುಕಲು ಹೋಗುವುದಿಲ್ಲ. ಇಂಥ ಹೊತ್ತಿನಲ್ಲಿ ಒಂದೊಂದು ಸಾಲು ತಿದ್ದುತ್ತಾ ಕೂರಬೇಡಿ. ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ, ಹೊಸ ಟರ್ಮಿನಲ್ ತೆರೆದು, ಮೊದಲಿನಿಂದ ಮಾಡಿ. ನಾನು ಹಾಗೆ ಮಾಡಿದೆ, ಈ ಸಲ ನಿಂಜಾ ಮುಟ್ಟುವ ಮುಂಚೆ ಕ್ಯಾಶ್‌ನಲ್ಲಿ ನಾಲ್ಕು ಹೆಸರು ಹುಡುಕಿ ನೋಡಿದೆ: ಪೈಥಾನ್, ಕ್ಯೂಟಿ, ಎಂಪಿಐ, ಎಚ್‌ಡಿಎಫ್5. ಇವತ್ತಿಗೂ ಪ್ರತಿ ಸಲ ಈ ನಾಲ್ಕನ್ನು ನೋಡದೆ ಮುಂದೆ ಹೋಗುವುದಿಲ್ಲ.

ಕಂಪೈಲ್ ಶುರುವಾಯಿತು. ಎಂಟು ಕೋರ್, 16 ಜಿಬಿ ಮೆಮೊರಿ ಇರುವ ಯಂತ್ರ. ನಿಂಜಾಗೆ ಏನೂ ಹೇಳದಿದ್ದರೆ ಕೋರ್‌ಗಳಿಗಿಂತ ಎರಡು ಹೆಚ್ಚು, ಅಂದರೆ ಹತ್ತು ಕೆಲಸ ಒಟ್ಟಿಗೆ ಹಚ್ಚುತ್ತದೆ. ವಿಟಿಕೆಯಲ್ಲಿ ಟೆಂಪ್ಲೇಟ್ ತುಂಬಿದ ಫೈಲ್‌ಗಳಿವೆ, ಅಂಥ ಒಂದೊಂದು ಫೈಲ್ ಕಂಪೈಲ್ ಆಗುವಾಗ ಒಂದು ಜಿಬಿ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಮೆಮೊರಿ ತಿನ್ನುತ್ತದೆ. ಅಂಥವು ಹತ್ತು ಒಟ್ಟಿಗೆ ಬಂದಾಗ ಯಂತ್ರ ಮೌಸ್‌ಗೂ ಓಗೊಡದೆ ನಿಂತಿತು, ಸ್ವಲ್ಪ ಹೊತ್ತಾದ ಮೇಲೆ ಕಂಪೈಲರ್ ‘ಕಿಲ್ಡ್’ ಅಂತ ಒಂದೇ ಪದ ಬಿಟ್ಟು ಸತ್ತಿತ್ತು. ಇದನ್ನು ಕೋಡ್‌ನ ತಪ್ಪು ಅಂದುಕೊಂಡು ಹುಡುಕಬೇಡಿ. ಮೆಮೊರಿ ಮುಗಿದಾಗ ಕರ್ನಲ್ ಕೈಯಾರೆ ಆ ಪ್ರೊಸೆಸ್ ಕೊಂದಿರುತ್ತದೆ. ಒಟ್ಟಿಗೆ ನಾಲ್ಕೇ ಕೆಲಸ ಅಂತ ಮಿತಿ ಹಾಕಿ ಮತ್ತೆ ನಿಂಜಾ ಕೊಟ್ಟೆ, ನಿಂತಲ್ಲಿಂದಲೇ ಮುಂದುವರಿಯಿತು. ರಾತ್ರಿ ಬಿಟ್ಟು ಮಲಗಿದೆ, ಬೆಳಿಗ್ಗೆ ಮುಗಿದಿತ್ತು. ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಡುವ ಸಿಕ್ಯಾಶ್ ಹಾಕಿಕೊಂಡರೆ ಮುಂದಿನ ಸಲ ಬಿಲ್ಡ್ ಫೋಲ್ಡರ್ ಅಳಿಸಿದರೂ ಬದಲಾಗದ ಫೈಲ್‌ಗಳು ಬೇಗ ಮುಗಿಯುತ್ತವೆ, ಅದನ್ನು ಮೊದಲ ದಿನವೇ ಹಾಕಿಕೊಳ್ಳಬೇಕಿತ್ತು.

ಬಿಲ್ಡ್ ಫೋಲ್ಡರ್‌ನ ಬಿನ್ ಒಳಗಿಂದಲೇ ಪ್ಯಾರಾವ್ಯೂ ತೆರೆಯಿತು, ಇನ್‌ಸ್ಟಾಲ್ ಕೂಡ ಮಾಡಿರಲಿಲ್ಲ. ಪ್ಯಾರಾವ್ಯೂನಲ್ಲೇ ಇರುವ ವೇವ್‌ಲೆಟ್ ಅನ್ನುವ ಮಾದರಿ ಡೇಟಾ ಹಾಕಿ, ಒಂದೇ ಮೌಲ್ಯ ಇರುವ ಜಾಗಗಳನ್ನು ಮೇಲ್ಮೈಯಾಗಿ ತೋರಿಸುವ ಕಾಂಟೂರ್ ಫಿಲ್ಟರ್ ಹಚ್ಚಿದೆ. ಅಲೆಅಲೆಯಾದ ಆ ಮೇಲ್ಮೈ ಪರದೆ ಮೇಲೆ ತಿರುಗಿದಾಗ ನಿಜವಾಗಿಯೂ ಖುಷಿಯಾಯಿತು. ನೂರಾರು ಸಲ ನೋಡಿದ ಚಿತ್ರವೇ, ಆದರೆ ಅದರ ಒಂದೊಂದು ಸಾಲೂ ನನ್ನ ಯಂತ್ರದಲ್ಲೇ ಕಂಪೈಲ್ ಆಗಿತ್ತು ಅಲ್ವಾ.

ಮುಂದೆ ಸರ್ವರ್. ಅಲ್ಲಿ ಪರದೆಯೂ ಇಲ್ಲ, ಗ್ರಾಫಿಕ್ಸ್ ಕಾರ್ಡೂ ಇಲ್ಲ. ಕ್ಯೂಟಿ ಆಫ್ ಮಾಡಿ, ಪರದೆ ಮೇಲೆ ಕಿಟಕಿ ತೋರಿಸುವ ಎಕ್ಸ್ ಆಫ್ ಮಾಡಿ, ಮೆಮೊರಿಯಲ್ಲೇ ಚಿತ್ರ ಬರೆಯುವ ಓಎಸ್‌ಮೇಸಾ ಆನ್ ಮಾಡಿ ಕಟ್ಟಿದೆ. ಕ್ಯೂಟಿ ಇಲ್ಲದ್ದರಿಂದ ಬಿಲ್ಡ್ ಬೇಗ ಮುಗಿಯಿತು. ಕ್ಲೈಂಟ್ (ನನ್ನ ಯಂತ್ರದ ಪ್ಯಾರಾವ್ಯೂ), ಸರ್ವರ್ ಎರಡೂ ಕಡೆ ಒಂದೇ ಆವೃತ್ತಿ ಇರಲೇಬೇಕು, ಹಾಗಾಗಿ ಇಲ್ಲೂ ಅದೇ ಟ್ಯಾಗ್. ಪ್ರೊಸೆಸ್‌ಗಳನ್ನು ಹುಟ್ಟಿಸುವ ಎಂಪಿಐರನ್ ಕಮಾಂಡ್‌ಗೆ ನಾಲ್ಕು ಪ್ರೊಸೆಸ್ ಹೇಳಿ, ಪ್ಯಾರಾವ್ಯೂನ ಸರ್ವರ್ ಭಾಗವಾದ ಪಿವಿಸರ್ವರ್ ಶುರು ಮಾಡಿದೆ.

ಸಾಮಾನ್ಯವಾಗಿ ಅದು ‘ವೇಟಿಂಗ್ ಫಾರ್ ಕ್ಲೈಂಟ್’ ಅಂತ ಒಂದು ಸಲ ಬರೆದು ಕಾಯುತ್ತದೆ. ನನಗೆ ಅದೇ ಸಾಲು ನಾಲ್ಕು ಸಲ ಬಂತು, ಹಿಂದೆಯೇ 11111 ಪೋರ್ಟ್ ಸಿಗುತ್ತಿಲ್ಲ ಅನ್ನುವ ಎರರ್. ಆದರೂ ಕ್ಲೈಂಟ್ ಕನೆಕ್ಟ್ ಆಯಿತು, ಚಿತ್ರವೂ ಬಂತು! ಅದಕ್ಕೇ ಇದು ಅಪಾಯ. ಎಲ್ಲ ಸರಿಯಿದೆ ಅಂದುಕೊಂಡು ಮುಂದೆ ಹೋಗಿಬಿಡಬಹುದು. ಎಷ್ಟು ಪ್ರೊಸೆಸ್ ನಿಜವಾಗಿ ದುಡಿಯುತ್ತಿವೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ವೇವ್‌ಲೆಟ್ ಹಾಕಿ, ಪ್ರೊಸೆಸ್ ಐಡಿ ಫಿಲ್ಟರ್ ಹಚ್ಚಿ, ಆ ಸಂಖ್ಯೆಯಿಂದಲೇ ಬಣ್ಣ ಕೊಡಿ. ನಾಲ್ಕು ಪ್ರೊಸೆಸ್ ಇದ್ದರೆ ಪೆಟ್ಟಿಗೆ ನಾಲ್ಕು ತುಂಡಾಗಿ, ನಾಲ್ಕು ಬಣ್ಣದಲ್ಲಿ ಕಾಣಬೇಕು. ನನ್ನದು ಇಡೀ ಪೆಟ್ಟಿಗೆ ಒಂದೇ ನೀಲಿ.

ಕಾರಣ, ಆ ಯಂತ್ರದಲ್ಲಿ ಎರಡು ಎಂಪಿಐ ಇದ್ದವು. ಬಿಲ್ಡ್ ಆದದ್ದು ಒಂದರ ಜೊತೆ, ನಾನು ಓಡಿಸಿದ ಎಂಪಿಐರನ್ ಇನ್ನೊಂದರದು. ಹೀಗಾದಾಗ ನಾಲ್ಕು ಪ್ರೊಸೆಸ್ ಹುಟ್ಟುತ್ತವೆ, ಆದರೆ ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ, ನಾಲ್ಕೂ ತಾನೇ ಮೊದಲನೆಯದು, ತಾನೊಬ್ಬನೇ ಅಂದುಕೊಳ್ಳುತ್ತವೆ. ಕ್ಯಾಶ್‌ನಲ್ಲಿ ಎಂಪಿಐ ದಾರಿ ನೋಡಿ, ಅದರದೇ ಎಂಪಿಐರನ್‌ನ ಪೂರ್ತಿ ದಾರಿ ಟೈಪ್ ಮಾಡಿ ಓಡಿಸಿದೆ. ‘ವೇಟಿಂಗ್ ಫಾರ್ ಕ್ಲೈಂಟ್’ ಒಂದೇ ಸಲ ಬಂತು. ವೇವ್‌ಲೆಟ್‌ಗೆ ನಾಲ್ಕು ಬಣ್ಣ ಬಂತು.

ಉಳಿದದ್ದು ಪ್ಲಗಿನ್. ರೀಡರ್ ಕ್ಲಾಸು, ಅದನ್ನು ಮೆನುವಿನಲ್ಲಿ ತೋರಿಸಲು ಒಂದು ಎಕ್ಸ್‌ಎಂಎಲ್ ಫೈಲ್, ಪ್ಲಗಿನ್‌ನ ವಿವರಕ್ಕೆ ಒಂದು ಪುಟ್ಟ ಫೈಲ್, ಸಿಮೇಕ್ ಫೈಲ್. ಸೋರ್ಸ್ ಜೊತೆಗೇ ಬರುವ ಎಕ್ಸಾಂಪಲ್ಸ್ ಫೋಲ್ಡರ್‌ನಲ್ಲಿ ಪ್ಲಗಿನ್ ಮಾದರಿಗಳಿವೆ, ಒಂದನ್ನು ಕಾಪಿ ಮಾಡಿ ತಿದ್ದುವುದೇ ಒಳ್ಳೆಯದು. ಕ್ಲಾಸಿನಲ್ಲಿ ಎರಡು ಫಂಕ್ಷನ್ ಮುಖ್ಯ. ರಿಕ್ವೆಸ್ಟ್ ಇನ್ಫರ್ಮೇಶನ್‌ನಲ್ಲಿ ಗ್ರಿಡ್ ಎಷ್ಟು ದೊಡ್ಡದು ಅಂತ ಹೇಳಬೇಕು, ರಿಕ್ವೆಸ್ಟ್ ಡೇಟಾದಲ್ಲಿ ನಿಜವಾಗಿ ಓದಬೇಕು. ಎರಡೂ ಬರೆದೆ, ಎರಡೂ ಕಡೆ ಪ್ಲಗಿನ್ ಲೋಡ್ ಮಾಡಿದೆ, ಫೈಲ್ ತೆರೆಯಿತು, ಒತ್ತಡದ ಬಣ್ಣಗಳು ಸರಿಯಾಗಿ ಬಂದವು.

ಪ್ರೊಸೆಸ್ ಐಡಿ ಹಚ್ಚಿದೆ. ಒಂದೇ ನೀಲಿ.

ಮತ್ತೆ ಎಂಪಿಐ ಕೈಕೊಟ್ಟಿತೇನೋ ಅಂತ ವೇವ್‌ಲೆಟ್ ಹಾಕಿ ನೋಡಿದೆ, ಅದಕ್ಕೆ ನಾಲ್ಕು ಬಣ್ಣ. ಅಂದರೆ ತಪ್ಪು ನನ್ನ ರೀಡರ್‌ನಲ್ಲೇ ಇದೆ. ವೇವ್‌ಲೆಟ್‌ನ ಸೋರ್ಸ್ ತೆರೆದು ನನ್ನದರ ಪಕ್ಕದಲ್ಲಿಟ್ಟು ಓದಿದೆ. ಸೋರ್ಸ್ ಕೈಯಲ್ಲಿರುವುದರ ಬೆಲೆ ಆಗ ಗೊತ್ತಾಯಿತು. ರಿಕ್ವೆಸ್ಟ್ ಇನ್ಫರ್ಮೇಶನ್‌ನಲ್ಲಿ ಅದು ಒಂದು ಸಾಲು ಜಾಸ್ತಿ ಬರೆದಿತ್ತು: ‘ಕ್ಯಾನ್ ಪ್ರೊಡ್ಯೂಸ್ ಸಬ್ ಎಕ್ಸ್‌ಟೆಂಟ್’ ಅನ್ನುವ ಕೀಗೆ 1. ನಾನು ಗ್ರಿಡ್‌ನ ಒಂದು ತುಂಡನ್ನಷ್ಟೇ ಓದಿ ಕೊಡಬಲ್ಲೆ ಅಂತ ಪೈಪ್‌ಲೈನ್‌ಗೆ ಹೇಳುವ ಸಾಲು ಅದು. ಹೇಳದಿದ್ದರೆ ಪೂರ್ತಿ ಗ್ರಿಡ್ ಓದುವ ಕೆಲಸ ಮೊದಲ ಪ್ರೊಸೆಸ್‌ಗೇ ಬೀಳುತ್ತದೆ, ಉಳಿದ ಮೂರು ಖಾಲಿ ಕೂರುತ್ತವೆ. ಆ ಸಾಲು ಸೇರಿಸಿದೆ, ಕೇಳಿದ ತುಂಡನ್ನು ಮಾತ್ರ ಫೈಲ್‌ನಿಂದ ಓದುವಂತೆ ರಿಕ್ವೆಸ್ಟ್ ಡೇಟಾ ತಿದ್ದಿದೆ. ಪ್ಲಗಿನ್ ಮರುಕಂಪೈಲ್ ಆಗಲು ಒಂದು ನಿಮಿಷವೂ ಹಿಡಿಯಲಿಲ್ಲ.

ಪಿವಿಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಕನೆಕ್ಟ್ ಆದೆ, ಫೈಲ್ ತೆರೆದೆ, ಫಿಲ್ಟರ್ ಹಚ್ಚಿದೆ. ನನ್ನದೇ ಡೇಟಾ, ನಾಲ್ಕು ತುಂಡು, ನಾಲ್ಕು ಬಣ್ಣ. ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಬಣ್ಣವನ್ನು ಒತ್ತಡಕ್ಕೆ ಬದಲಿಸಿ, ಮೊದಲ ಟೈಮ್‌ಸ್ಟೆಪ್‌ನಿಂದ ಪ್ಲೇ ಒತ್ತಿದೆ.