ಹಗ್ಗ ಪೈಪಿಗಲ್ಲ, ಮೋಟರಿಗೆ

ಗುಬ್ಬಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುತ್ತಲಿನ ತೆಂಗು, ಅಡಿಕೆ ತೋಟಗಳ ಬೋರ್‌ವೆಲ್‌ನಿಂದ ಮೋಟರ್ ಎತ್ತುವುದು, ಸುಟ್ಟಿದ್ದರೆ ವೈಂಡಿಂಗ್ ಸುತ್ತುವುದು, ಮತ್ತೆ ಇಳಿಸುವುದು. 18 ವರ್ಷದಲ್ಲಿ ನನ್ನ ಕೈಯಿಂದ ಒಂದು ಮೋಟರೂ ಬೋರ್ ಒಳಗೆ ಬಿದ್ದಿಲ್ಲ. ಇಂಥ ನಾನು ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಲು ಹೋಗಿ 22 ಸಾವಿರದ ಕ್ಯಾಮೆರಾ ಕಳೆದುಕೊಂಡು ಬಂದೆ. ಅದೂ ನೀರಿನಡಿಯಲ್ಲಿ ಅಲ್ಲ. ಡೈವ್ ಎಲ್ಲಾ ಮುಗಿದು, ದೋಣಿಯ ಏಣಿ ಹತ್ತುವಾಗ.

ಬಯಲುಸೀಮೆಯವನಿಗೆ ಸಮುದ್ರದ ಹುಚ್ಚು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ತುಮಕೂರಿನಿಂದ ಹೊರಟು ನಮ್ಮೂರಿನ ಮೇಲೆ ಹಾದುಹೋಗುವ ಹಳೆಯ 206ನೇ ನಂಬರಿನ ಹೆದ್ದಾರಿ ಮುಗಿಯುವುದೇ ಹೊನ್ನಾವರದಲ್ಲಿ. ಇದೇ ರಸ್ತೆಯಲ್ಲಿ ಹೋಗ್ತಾ ಇದ್ದರೆ ಸಮುದ್ರ ಸಿಗುತ್ತೆ ಅಂತ ಚಿಕ್ಕಂದಿನಲ್ಲಿ ಅಪ್ಪ ಹೇಳಿದ್ದರು. ಸಿಕ್ಕಿತು. ಹೊನ್ನಾವರದಿಂದ ಮುರ್ಡೇಶ್ವರ 30 ಕಿಲೋಮೀಟರಿಗಿಂತ ಕಡಿಮೆ. ಅಲ್ಲಿಂದ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ. ಪಾರಿವಾಳ ದ್ವೀಪ ಅಂತಲೂ ಕರೆಯುತ್ತಾರೆ. ಡೈವಿಂಗ್ ಕಲಿತು ಅದರ ಮೊದಲ ಹಂತದ ಸರ್ಟಿಫಿಕೇಟ್ ಆದ ಓಪನ್ ವಾಟರ್ ಕಾರ್ಡ್ ತೆಗೆದುಕೊಂಡ ಮೇಲೆ ವರ್ಷಕ್ಕೊಮ್ಮೆಯಾದರೂ ಹೋಗುತ್ತೇನೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಹಾಗಾಗಿ ದಸರಾ ಕಳೆದ ಮೇಲೆಯೇ.

ಕಳೆದುಹೋದದ್ದು ಹೀಗೆ. ನನ್ನದು ಅಂಗೈಯಗಲದ ಆಕ್ಷನ್ ಕ್ಯಾಮೆರಾ. ಅದಕ್ಕೊಂದು ನೀರು ಹೋಗದ ಪ್ಲಾಸ್ಟಿಕ್ ಕೇಸ್, ಕೇಸಿನ ಕೆಳಗೆ ತಿರುಪಿನಿಂದ ಕೂರಿಸಿದ ಕಿತ್ತಳೆ ಬಣ್ಣದ ತೇಲುವ ಹಿಡಿ. ತೇಲುತ್ತಲ್ಲ, ಎಲ್ಲಿ ಹೋಗುತ್ತೆ ಅಂತ ಧೈರ್ಯ. ಮೇಲೆ ಬಂದಾಗ ಅಲೆ ಸ್ವಲ್ಪ ಜಾಸ್ತಿ ಇತ್ತು. ಏಣಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಕಾಲಿಗೆ ಹಾಕುವ ಈಜುರೆಕ್ಕೆ, ಅಂದರೆ ಫಿನ್ ಬಿಚ್ಚಬೇಕು. ಹಿಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಫಿನ್ ಕೊಟ್ಟೆ, ಹತ್ತಿದೆ, ಕೂತೆ. ಕಂಕುಳಲ್ಲಿ ಹಿಡಿ ಭದ್ರವಾಗಿತ್ತು. ಅದರ ತುದಿಯಲ್ಲಿ ಕ್ಯಾಮೆರಾ ಇರಲಿಲ್ಲ.

ತಿರುಪು ಸಡಿಲವಾಗಿತ್ತು. ಒಂದೂವರೆ ಗಂಟೆ ದೋಣಿಯ ಇಂಜಿನ್ ಅದನ್ನು ಅದುರಿಸಿತ್ತು. ನೀರಲ್ಲಿ ಕ್ಯಾಮೆರಾವನ್ನು ಆ ಕಡೆ ಈ ಕಡೆ ತಿರುಗಿಸಿ ನಾನೂ ಸಹಾಯ ಮಾಡಿದ್ದೆ. ಹೊರಡುವ ಮುಂಚೆ ಬೆರಳಲ್ಲಿ ತಿರುಗಿಸಿ ಬಿಗಿ ಮಾಡಿದ್ದೆ ಅಷ್ಟೇ. ಅಂಗಡಿಯಲ್ಲಿ ಹುಡುಗರು ನಟ್ಟನ್ನು ಬೆರಳಲ್ಲಿ ಬಿಗಿ ಮಾಡಿದರೆ ಬೈಯುವವನು ನಾನೇ.

ಸಿಲಿಂಡರಿನಲ್ಲಿ 50 ಬಾರ್ ಗಾಳಿ ಇತ್ತು. ಇಳಿದು ನೋಡಲಾ ಅಂದೆ. ಬೇಡ ಅಂದರು ನಮ್ಮನ್ನು ಕರೆದುಕೊಂಡು ಹೋಗಿದ್ದ ಇನ್‌ಸ್ಟ್ರಕ್ಟರ್. ಆಗ ಸಿಟ್ಟು ಬಂತು. ಈಗ ಯಾರಾದರೂ ಕೇಳಿದರೆ ನಾನೂ ಬೇಡ ಅಂತಲೇ ಹೇಳುತ್ತೇನೆ. ಆ ಗಾಳಿ ಆಪತ್ತಿಗೆ ಅಂತ ಉಳಿಸಿದ್ದು, ಹುಡುಕಾಟಕ್ಕಲ್ಲ.

ಮನೆಗೆ ಬಂದು ಹೇಳಿದರೆ ಅಜ್ಜಿ ನಕ್ಕಿತು. "ಬಾವೀಲಿ ಕೊಡ ಬಿದ್ರೆ ಪಾತಾಳ ಗರಡಿ ಬಿಟ್ಟು ತೆಗೀತಿದ್ವಿ. ನಿನ್ ಸಮುದ್ರಕ್ಕೆ ಎಷ್ಟುದ್ದದ್ದು ಬೇಕೋ?" ಆಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಇನ್ನೊಂದು ಮಾತು ಅಂದಿತು. "ಮಗೀಗೆ ಕಟ್ಟೋ ಹಂಗೆ ಅದಕ್ಕೂ ಒಂದು ಉಡುದಾರ ಕಟ್ಟಬಾರದಾ?"

ಉಡುದಾರ ಅಂದ ತಕ್ಷಣ ನನಗೆ ಹೊಳೆದದ್ದು ಬೋರ್‌ವೆಲ್. ಮೋಟರ್ ಇಳಿಸುವಾಗ ಪೈಪಿನ ಜೊತೆ ಒಂದು ನೈಲಾನ್ ಹಗ್ಗ ಬಿಡುತ್ತೇವೆ. ಪೈಪಿನ ಜಾಯಿಂಟ್ ಎಲ್ಲಾದರೂ ಬಿಟ್ಟರೆ ಮೋಟರ್ ಹಗ್ಗದಲ್ಲಿ ನೇತಾಡಲಿ ಅಂತ. ಆ ಹಗ್ಗವನ್ನು ಪೈಪಿಗೆ ಕಟ್ಟಿದರೆ ಏನು ಬಂತು? ಪೈಪ್ ಕೈಗೆ ಬರುತ್ತೆ, ಮೋಟರ್ 800 ಅಡಿ ಕೆಳಗೆ ಇರುತ್ತೆ. ನಾನು ಸಮುದ್ರದಲ್ಲಿ ಮಾಡಿದ್ದು ಅದನ್ನೇ. ಹಿಡಿಯನ್ನು ಕಾಪಾಡಿಕೊಂಡು ಬಂದಿದ್ದೆ.

ಹೊಸ ಕ್ಯಾಮೆರಾ ಬಂದಾಗ ಮೊದಲು ಮಾಡಿದ ಕೆಲಸ, ಕೇಸಿಗೇ ದಾರ ಕಟ್ಟಿದ್ದು. ನನ್ನ ಕೇಸಿನ ಹಿಂಬಾಗಿಲ ಕೀಲಿನ ಹತ್ತಿರ ಒಂದು ಸಂದಿ ಇದೆ. ಅಲ್ಲಿ 2 ಮಿಲಿಮೀಟರಿನ ಹೆಣೆದ ನೈಲಾನ್ ದಾರ ಎರಡು ಸುತ್ತು ಹಾಕಿದೆ. ಗಂಟು ಹಾಕಿ ತುದಿಯನ್ನು ಲೈಟರಿನಿಂದ ಸುಟ್ಟೆ. ದಾರದ ಎಳೆ, ಬಾಗಿಲಿನ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆ (ಓ-ರಿಂಗ್) ಕಡೆ ಹೋಗದ ಹಾಗೆ ನೋಡಿಕೊಳ್ಳಬೇಕು. ಅಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತೆ. ಆಗ ಕ್ಯಾಮೆರಾ ಕೈಯಲ್ಲೇ ಇದ್ದರೂ ಕಳೆದುಹೋದ ಹಾಗೇ.

ದಾರದ ಇನ್ನೊಂದು ತುದಿ ಎಲ್ಲಿಗೆ? ಎಲ್ಲರೂ ಮಣಿಕಟ್ಟಿಗೆ ಹಾಕಿಕೊಳ್ಳುತ್ತಾರೆ. ನಾನು ಹಾಕುವುದಿಲ್ಲ. ಮೋಟರ್ ಇಳಿಸುವ ಹಗ್ಗವನ್ನು ಕೈಗೆ ಸುತ್ತಿಕೊಂಡವನ ಕೈ ಏನಾಗುತ್ತೆ ಅಂತ ನೋಡಿದ್ದೇನೆ. ಅಲ್ಲದೆ ನೀರಲ್ಲಿ ಕೈಗೆ ಬೇರೆ ಕೆಲಸ ಇರುತ್ತೆ. ಮಾಸ್ಕಿನ ನೀರು ತೆಗೆಯಬೇಕು, ನೀರಿನ ಒತ್ತಡಕ್ಕೆ ಕಟ್ಟಿದ ಕಿವಿಯನ್ನು ಮೂಗು ಹಿಡಿದು ಬಿಡಿಸಿಕೊಳ್ಳಬೇಕು, ಪಕ್ಕದವರಿಗೆ ಸನ್ನೆ ಮಾಡಬೇಕು. ಆಗೆಲ್ಲಾ ಮುಖದ ಮುಂದೆ ಕ್ಯಾಮೆರಾ ಜೋತಾಡುತ್ತಿದ್ದರೆ ಹೇಗೆ? ಅದಕ್ಕೇ ನನ್ನದು ಎದೆಯ ಹತ್ತಿರ, ಬಿಸಿಡಿ ಜಾಕೆಟ್ಟಿನ (ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹೊಂದಿಸುವ ಜಾಕೆಟ್) ಡಿ-ರಿಂಗ್ ಅನ್ನುವ ಲೋಹದ ಬಳೆಗೆ. ನಡುವೆ ಸ್ಪ್ರಿಂಗಿನಂತೆ ಸುರುಳಿಯಾದ ಹುರಿ, ಲ್ಯಾನ್ಯಾರ್ಡ್. ಕೈ ಚಾಚಿದರೆ ಉದ್ದವಾಗುತ್ತೆ, ಬಿಟ್ಟರೆ ಎದೆಗೆ ಬಂದು ಕೂರುತ್ತೆ. ಕೆಳಗೆ ನೇತಾಡಿ ಹವಳಕ್ಕೆ ಬಡಿಯುವುದಿಲ್ಲ.

ಕೊಕ್ಕೆಯ ವಿಷಯದಲ್ಲಿ ಒಂದು ಎಚ್ಚರ. ಬೆಟ್ಟ ಹತ್ತುವವರು ಬಳಸುವ, ಒತ್ತಿದರೆ ಒಳಕ್ಕೆ ತೆರೆಯುವ ಕ್ಯಾರಬೀನರ್ ಬೇಡ. ಸಮುದ್ರದಲ್ಲಿ ಹರಿದ ಮೀನುಬಲೆ, ಗಾಳದ ದಾರ ಇದ್ದೇ ಇರುತ್ತೆ. ಅದು ತಾನಾಗೇ ಆ ಕೊಕ್ಕೆಯೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತೆ, ಹೊರಗೆ ಬರುವುದಿಲ್ಲ. ಹೆಬ್ಬೆರಳಲ್ಲಿ ಜಾರಿಸಿ ತೆಗೆಯುವ ಬೋಲ್ಟ್ ಸ್ನ್ಯಾಪ್ ಒಳ್ಳೆಯದು. ಅದೂ ಸ್ಟೇನ್‌ಲೆಸ್ ಸ್ಟೀಲಿನದು. ಕೀ ಚೈನಿನ ರಿಂಗ್ ಹಾಕಿದರೆ ಉಪ್ಪುನೀರಿಗೆ ಬೇಗ ತುಕ್ಕು ಹಿಡಿದು ಬಾಯಿ ಬಿಡುತ್ತೆ. ಇನ್ನೊಂದು, ಲೋಹಕ್ಕೆ ಲೋಹ ನೇರವಾಗಿ ಸೇರಿಸಬೇಡಿ. ನಡುವೆ ಒಂದು ತುಂಡು ದಾರ ಇರಲಿ. ಎಲ್ಲಾದರೂ ಸಿಕ್ಕಿಕೊಂಡರೆ ಚಾಕುವಿನಿಂದ ಕತ್ತರಿಸಿ ಹೊರಟುಬಿಡಬೇಕು. ಕ್ಯಾಮೆರಾ ಅಲ್ಲೇ ಇರಲಿ.

ಇನ್ನು ತೇಲುವ ಹಿಡಿ. ಅದನ್ನು ಈಗ ತಮ್ಮನ ಮಕ್ಕಳು ಈಜುವಾಗ ಬಳಸುತ್ತಾರೆ. ನೀರಿನ ಮೇಲೇ ಇರುವವರಿಗೆ ಅದು ಸರಿ. 15 ಮೀಟರ್ ಕೆಳಗೆ ಕೈಯಿಂದ ಜಾರಿದರೆ ಬಾಣದ ಹಾಗೆ ಮೇಲೆ ಹೋಗುತ್ತೆ. ನಾವು ಹಿಂದೆಯೇ ಓಡುವ ಹಾಗಿಲ್ಲ. ನಿಮಿಷಕ್ಕೆ 9 ಮೀಟರಿನಂತೆ ನಿಧಾನವಾಗಿ ಏರಬೇಕು, 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. ಆತುರದಲ್ಲಿ ಉಸಿರು ಕಟ್ಟಿ ಏರಿದರೆ ಶ್ವಾಸಕೋಶವೇ ಹರಿದೀತು. ನಾವು ಮೇಲೆ ಬರುವಷ್ಟರಲ್ಲಿ ಅದು ಹರಿವಿನ ಜೊತೆ ಎಲ್ಲೋ ಹೋಗಿರುತ್ತೆ. ಅದಕ್ಕೇ ಕ್ಯಾಮೆರಾ ನೀರಲ್ಲಿ ಬಿಟ್ಟರೆ ಬಾಡಿದ ಎಲೆಯ ಹಾಗೆ ಮೆಲ್ಲಗೆ ಕೆಳಗಿಳಿಯುವಂತಿರಬೇಕು. ಕೈ ಚಾಚಿ ಹಿಡಿಯಬಹುದು.

ಈ ತೂಕ ಹೊಂದಿಸಲು ನಾನು ಪಟ್ಟ ಪಾಡು ಬೇರೆಯೇ ಕಥೆ. ಹೇಮಾವತಿ ನೀರು ಕೆರೆಗೆ ಬಂದ ವರ್ಷ ನಮ್ಮ ತೋಟದ ಬಾವಿಯಲ್ಲೂ ನೀರು ಮೇಲೆ ಬರುತ್ತೆ. ಅಲ್ಲಿ ಇಳಿದು ಪರೀಕ್ಷೆ ಮಾಡಿದೆ. ಕ್ಯಾಮೆರಾ, ಕೇಸು, ಹೊಸ ಹಿಡಿ ಎಲ್ಲಾ ಸೇರಿ ಚೆನ್ನಾಗಿ ಮೆಲ್ಲಗೆ ಮುಳುಗಿತು. ಅಪ್ಪ ಕಟ್ಟೆಯ ಮೇಲೆ ಕೂತು, "ಬಿದ್ರೆ ಗರಡಿ ಐತೆ, ಯೋಚ್ನೆ ಮಾಡ್ಬೇಡ" ಅಂತ ಧೈರ್ಯ ಹೇಳುತ್ತಿದ್ದರು. ಖುಷಿಯಾಗಿ ನೇತ್ರಾಣಿಗೆ ಹೋದೆ. ಅಲ್ಲಿ ಕೈ ಬಿಟ್ಟರೆ ಮೇಲೆ ಹೋಗುತ್ತಿದೆ! ದಾರ ಇದ್ದದ್ದಕ್ಕೆ ಉಳಿಯಿತು.

ಬಾವಿ ನೀರು ಸಿಹಿನೀರು. ಸಮುದ್ರದ ನೀರು ಅದಕ್ಕಿಂತ ಶೇಕಡಾ 2.5ರಷ್ಟು ಭಾರ. ನನ್ನ ಸಾಮಾನು ಸುಮಾರು 600 ಮಿಲಿಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತೆ. ಅಂದರೆ ಸಮುದ್ರದಲ್ಲಿ 15 ಗ್ರಾಂ ಜಾಸ್ತಿ ಎತ್ತುತ್ತೆ. ಎರಡು ವಾಷರಿನ ತೂಕ! ಈಗ ಬಾವಿಗೆ ಹೋಗುವುದಿಲ್ಲ. 10 ಲೀಟರ್ ನೀರಿಗೆ 350 ಗ್ರಾಂ ಉಪ್ಪು ಕರಗಿಸಿದರೆ ಹೆಚ್ಚುಕಡಿಮೆ ಸಮುದ್ರದ ನೀರೇ. ಬಕೆಟ್ಟಿನಲ್ಲಿ ಅದ್ದಿ, ಸ್ಟೇನ್‌ಲೆಸ್ ವಾಷರ್ ಒಂದೊಂದೇ ಸೇರಿಸುತ್ತಾ ಬರುತ್ತೇನೆ. ಮುಗಿದ ಮೇಲೆ ಕೇಸನ್ನು ಸಿಹಿನೀರಲ್ಲಿ ತೊಳೆಯಬೇಕು. ಮನೆಯಲ್ಲಿ ಉಪ್ಪು ಖಾಲಿ ಆಯಿತು ಅಂತ ಬೈಗುಳವೂ ಇರುತ್ತೆ.

ದೋಣಿಯಿಂದ ನೀರಿಗೆ ಬೀಳುವಾಗ ಕ್ಯಾಮೆರಾ ನನ್ನ ಹತ್ತಿರ ಇರುವುದಿಲ್ಲ. ಬೀಳುವಾಗ ಒಂದು ಕೈ ಮಾಸ್ಕ್ ಮತ್ತು ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರ್ ಮೇಲೆ ಇರಬೇಕು. ಬಿದ್ದು, ತೇಲಿ, ಸರಿ ಅಂತ ಸನ್ನೆ ಮಾಡಿದ ಮೇಲೆ ದೋಣಿಯವರು ಕೊಡುತ್ತಾರೆ. ಮೊದಲು ಕೊಕ್ಕೆ ಸಿಕ್ಕಿಸಿ, ಆಮೇಲೆ ಅವರಿಗೆ ಬಿಡಿ ಅಂತ ಹೇಳುತ್ತೇನೆ. ಹತ್ತುವಾಗ ಇದರ ಉಲ್ಟಾ. ಅವರು ಹಿಡಿದುಕೊಂಡೆ ಅಂದ ಮೇಲೆ ನಾನು ಕೊಕ್ಕೆ ಬಿಚ್ಚುವುದು. ಫಿನ್ ಬಿಚ್ಚುವುದು ಅದಾದ ಮೇಲೆ. ತಿರುಪನ್ನು ದೋಣಿ ನಿಂತ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡುತ್ತೇನೆ.

ಇಷ್ಟಾದರೂ ಹೋಗಬಹುದು. ಅದಕ್ಕೆ ಮೆಮೊರಿ ಕಾರ್ಡಿನ ಮೊದಲ ಫೋಟೋ ಯಾವಾಗಲೂ ಒಂದು ಹಾಳೆಯದ್ದು. ನನ್ನ ಹೆಸರು, ಊರು, ಫೋನ್ ನಂಬರ್. ಎರಡು ಡೈವ್ ನಡುವೆ ಫೋಟೋಗಳನ್ನು ಮೊಬೈಲಿಗೆ ಹಾಕಿಕೊಳ್ಳುತ್ತೇನೆ. ಮೊದಲ ಕ್ಯಾಮೆರಾ ಹೋದಾಗ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿದದ್ದು ಅದರಲ್ಲಿದ್ದ ಆಮೆಯ ವೀಡಿಯೋಗೆ.

ಹೊಸದಾಗಿ ಡೈವಿಂಗ್ ಕಲಿತವರು ಕೇಳಿದರೆ ಸದ್ಯಕ್ಕೆ ಕ್ಯಾಮೆರಾ ಬೇಡ ಅನ್ನುತ್ತೇನೆ. ಮೊದಲು ನೀರಲ್ಲಿ ಕೈ ಆಡಿಸದೆ ಒಂದೇ ಕಡೆ ನಿಲ್ಲಲು ಬರಬೇಕು. ಅವರಿಗೆ ಇಷ್ಟ ಆಗುವುದಿಲ್ಲ. ನನಗೂ ಆಗಿರಲಿಲ್ಲ.

ಕಳೆದ ಸಲ ಹತ್ತುವಾಗ ರೆಕಾರ್ಡಿಂಗ್ ನಿಲ್ಲಿಸುವುದು ಮರೆತಿದ್ದೆ. ಮನೆಗೆ ಬಂದು ನೋಡಿದರೆ ಕೊನೆಯ ಎರಡು ನಿಮಿಷ ಬರೀ ದೋಣಿಯ ಹಲಗೆ, ಯಾರದೋ ಕಾಲು. ಕ್ಯಾಮೆರಾ ಹಿಡಿದುಕೊಂಡಿದ್ದ ದೋಣಿಯ ಹುಡುಗ ಪಕ್ಕದವನಿಗೆ ತೋರಿಸುತ್ತಿದ್ದಾನೆ. "ಇದೆಂತದಾ ಮಾರಾಯಾ, ದನ ಕಟ್ಟಿದ ಹಾಗೆ ಕಟ್ಟಿದ್ದಾರಲ್ಲ!" ಅಜ್ಜಿಗೆ ಅದನ್ನೇ ಮೂರು ಸಲ ಹಾಕಿ ತೋರಿಸಬೇಕಾಯಿತು.