ಹಳೇ ಲ್ಯಾಪ್‌ಟಾಪಿನ ಟಚ್ ಬಟನ್ ಹುಚ್ಚಾಟ ಆಡುತ್ತಿದ್ದರೆ ಹೀಗೆ ಮಾಡಿ

ಹಾಡು ಕೇಳುತ್ತಾ ಕೂತಿರುತ್ತೀರಿ. ಯಾರೂ ಮುಟ್ಟದೇ ವಾಲ್ಯೂಮ್ ಏರುತ್ತಾ ಹೋಗುತ್ತದೆ. ಇಲ್ಲವೇ ಮ್ಯೂಟ್ ಆಗಿಬಿಡುತ್ತದೆ, ಎಷ್ಟು ಸಲ ಮುಟ್ಟಿದರೂ ಬಿಡುವುದಿಲ್ಲ. ಕೀಬೋರ್ಡಿನ ಮೇಲ್ಗಡೆ ಇರುವ ಟಚ್ ಬಟನ್ ಪಟ್ಟಿಯ ಪುಟ್ಟ ದೀಪಗಳು ಸುಮ್ನೆ ಮಿಣಮಿಣ ಅನ್ನುತ್ತಿರುತ್ತವೆ. 2006-07ರ ಹೊತ್ತಿಗೆ ಇಂಥ ಪಟ್ಟಿ ಒಂದು ದೊಡ್ಡ ಆಕರ್ಷಣೆ ಆಗಿತ್ತು. ಎಚ್‌ಪಿ ಪೆವಿಲಿಯನ್ ಡಿವಿ6000, ಡೆಲ್ ಎಕ್ಸ್‌ಪಿಎಸ್ ಎಂ1330 ಬಳಸಿದವರಿಗೆ ಚೆನ್ನಾಗಿ ನೆನಪಿರುತ್ತದೆ.

ಪಟ್ಟಿ ಸತ್ತೇಹೋಯಿತು ಅಂತ ಮಾತ್ರ ಈಗಲೇ ತೀರ್ಮಾನ ಮಾಡಬೇಡಿ. ಈ ಬಟನ್‌ಗಳ ಕೆಳಗೆ ಒತ್ತುವ ಸ್ವಿಚ್ ಇರುವುದಿಲ್ಲ, ತಾಮ್ರದ ಚಿಕ್ಕ ಪ್ಯಾಡ್‌ಗಳು ಇರುತ್ತವೆ. ಬೆರಳು ಹತ್ತಿರ ಬಂದರೆ ಪ್ಯಾಡಿನ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಶಕ್ತಿ) ಒಂದಿಷ್ಟು ಬದಲಾಗುತ್ತದೆ, ಒಂದು ಚಿಪ್ ಅದನ್ನು ಅಳೆದು, ಬೆರಳು ಇಲ್ಲದಾಗ ಎಷ್ಟಿತ್ತು ಅನ್ನುವುದಕ್ಕೆ ಹೋಲಿಸಿ, ಯಾರೋ ಮುಟ್ಟಿದರು ಅಂತ ತಿಳಿಯುತ್ತದೆ. ಬೆರಳು ಇಲ್ಲದಾಗಿನ ಆ ಲೆಕ್ಕ ತಪ್ಪಿತೋ, ಎಲ್ಲವೂ ತಪ್ಪಿತು. ತೇವ, ಎಣ್ಣೆ ಜಿಡ್ಡು, ಚಾರ್ಜರ್‌ನಿಂದ ಬರುವ ಕರೆಂಟಿನ ಗಲಾಟೆ, ಸಡಿಲಾದ ಕೇಬಲ್, ಇವುಗಳಲ್ಲಿ ಯಾವುದು ಬೇಕಾದರೂ ಲೆಕ್ಕ ಕೆಡಿಸಬಹುದು.

ಮೊದಲು ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ಹತ್ತು ನಿಮಿಷ ನಡೆಸಿ ನೋಡಿ. ಕಾಟ ನಿಂತಿತಾ? ಹಾಗಾದರೆ ಪಟ್ಟಿಯದ್ದು ತಪ್ಪಿಲ್ಲ. ಚಾರ್ಜರ್ ಅಥವಾ ಅರ್ಥಿಂಗ್ ಸರಿ ಇಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಿದ್ದರೆ ತೆಗೆದು ಗೋಡೆಯ ಸಾಕೆಟ್‌ಗೇ ಹಾಕಿ. ನಮ್ಮ ಎಷ್ಟೋ ಹಳೇ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಹಿಂದೆ ಅರ್ಥ್ ವೈರ್ ಇರುವುದಿಲ್ಲ, ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುವುದು ಸಾಮಾನ್ಯವಾಗಿ ಅದಕ್ಕೇ. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿಕೊಳ್ಳಿ, ಬಟನ್‌ಗಿಂತ ಅದು ಮುಖ್ಯ.

ಬ್ಯಾಟರಿಯಲ್ಲೂ ಅದೇ ಆಟ ಮುಂದುವರಿದರೆ, ಪೂರ್ತಿ ಪವರ್ ಖಾಲಿ ಮಾಡಬೇಕು. ಬರೀ ರೀಸ್ಟಾರ್ಟ್ ಸಾಲದು, ಏಕೆಂದರೆ ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬ್ಯಾಟರಿ ಇರುವವರೆಗೆ ಒಳಗಿನ ಕೆಲವು ಚಿಪ್‌ಗಳಿಗೆ ಕರೆಂಟ್ ಹೋಗುತ್ತಲೇ ಇರಬಹುದು. ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿಯನ್ನೂ ಹೊರಗೆ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಪಟ್ಟಿಯನ್ನು ಒರೆಸಿ. ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು, ಪಟ್ಟಿಯ ಮೇಲೆ ನೇರವಾಗಿ ಸುರಿಯಬೇಡಿ. ಪೂರ್ತಿ ಒಣಗಿದ ಮೇಲೆ ಬ್ಯಾಟರಿ ಹಾಕಿ ಆನ್ ಮಾಡಿ. ಆನ್ ಆಗುವಾಗ ಪಟ್ಟಿಯ ಮೇಲೆ ಕೈ ಇಡಬೇಡಿ, ಚಿಪ್ ತನ್ನ ಲೆಕ್ಕ ಶುರು ಮಾಡುವುದು ಆಗಲೇ. ನನ್ನ ಹಳೇ ಲ್ಯಾಪ್‌ಟಾಪ್ ಪ್ರತಿ ಮಳೆಗಾಲ ಇದೇ ಕಾಟ ಕೊಡುತ್ತಿತ್ತು, ಜುಲೈ ಬಂತೆಂದರೆ ವಾಲ್ಯೂಮ್ ತಾನಾಗಿ ಕುಣಿಯಲು ಶುರು. ಪ್ರತಿ ಸಲವೂ ಇಷ್ಟರಲ್ಲೇ ಸರಿಹೋಗಿದೆ.

ಸರಿಹೋಗಲಿಲ್ಲವೇ? ಈಗ ಸಾಫ್ಟ್‌ವೇರೋ ಹಾರ್ಡ್‌ವೇರೋ ಗೊತ್ತುಮಾಡಿಕೊಳ್ಳಿ. ಆನ್ ಮಾಡುವಾಗ ಎಫ್2 ಅಥವಾ ಎಫ್10 ಒತ್ತಿ ಬಯೋಸ್ (ವಿಂಡೋಸ್‌ಗಿಂತ ಮೊದಲೇ ಓಡುವ, ಲ್ಯಾಪ್‌ಟಾಪಿನೊಳಗಿನ ಮೂಲ ಸಾಫ್ಟ್‌ವೇರ್) ಒಳಗೆ ಹೋಗಿ, ಸುಮ್ನೆ ಐದು ನಿಮಿಷ ಬಿಡಿ. ಅಲ್ಲೂ ದೀಪಗಳು ಕುಣಿಯುತ್ತಿದ್ದರೆ ವಿಂಡೋಸ್‌ಗೂ ಇದಕ್ಕೂ ಸಂಬಂಧವಿಲ್ಲ. ಪೆನ್‌ಡ್ರೈವ್‌ನಿಂದ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಚ್ಚಿ ನೋಡಿದರೆ ಇನ್ನೂ ಖಾತ್ರಿ. ಉಲ್ಟಾ ಕೇಸ್ ಕೂಡ ಇದೆ. ದೀಪ ಸರಿಯಾಗಿ ಉರಿಯುತ್ತದೆ, ವಾಲ್ಯೂಮ್ ಬಟನ್ ಕೆಲಸ ಮಾಡುತ್ತದೆ, ಆದರೆ ಮೀಡಿಯಾ ಪ್ಲೇಯರ್ ತೆರೆಯುವ ಬಟನ್ ಮಾತ್ರ ಸತ್ತಿದೆ. ಹೊಸ ವಿಂಡೋಸ್ ಹಾಕಿಸಿದ ಮೇಲೆ ಹೀಗಾದರೆ, ಇಂಥ ವಿಶೇಷ ಬಟನ್‌ಗಳನ್ನು ನಡೆಸುವ ಕಂಪನಿಯ ಹಾಟ್‌ಕೀ ಸಾಫ್ಟ್‌ವೇರ್ ಹೋಗಿರಬಹುದು ಅಂತ ಅರ್ಥ. ನಿಮ್ಮ ಮಾಡೆಲ್‌ಗೆ ಆ ಸಾಫ್ಟ್‌ವೇರ್‌ನ ವಿಂಡೋಸ್ 7 ಆವೃತ್ತಿ ಕಂಪನಿಯ ಸೈಟಿನಲ್ಲಿ ಇನ್ನೂ ಸಿಕ್ಕರೆ ಇಳಿಸಿ, ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ (ಹಳೇ ಸಾಫ್ಟ್‌ವೇರನ್ನು ಹೊಸ ವಿಂಡೋಸ್‌ನಲ್ಲಿ ಓಡಿಸುವ ಸೌಲಭ್ಯ) ಹಾಕಿ ನೋಡಿ. ಬಯೋಸ್ ಅಪ್‌ಡೇಟ್ ಇದ್ದರೆ ಅದನ್ನೂ ಮಾಡಬಹುದು, ಆದರೆ ಬ್ಯಾಟರಿ ತುಂಬಿರಬೇಕು, ಚಾರ್ಜರ್ ಸಿಕ್ಕಿಸಿರಬೇಕು. ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಹಾರ್ಡ್‌ವೇರ್ ಅಂತಾದರೆ ಸ್ಕ್ರೂಡ್ರೈವರ್ ತೆಗೆಯಿರಿ. ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನ್ಯುಯಲ್ ಮುಂದಿಟ್ಟುಕೊಂಡೇ ಬಿಚ್ಚಿ, ಒಂದೊಂದು ಕಡೆಯ ಸ್ಕ್ರೂ ಬೇರೆ ಬೇರೆ ಉದ್ದ ಇರುತ್ತದೆ, ಕಾಗದದ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಇಟ್ಟುಕೊಳ್ಳಿ. ಪಟ್ಟಿಯಿಂದ ಮದರ್‌ಬೋರ್ಡ್‌ಗೆ ಒಂದು ಚಪ್ಪಟೆ ರಿಬ್ಬನ್ ಕೇಬಲ್ ಹೋಗಿರುತ್ತದೆ. ಅದನ್ನು ಎಳೆಯಬೇಡಿ! ಕನೆಕ್ಟರ್‌ನ ಪುಟ್ಟ ಕೊಂಡಿಯನ್ನು ಉಗುರಿನಿಂದ ಎಬ್ಬಿಸಿದರೆ ಕೇಬಲ್ ತಾನಾಗಿ ಸಡಿಲವಾಗುತ್ತದೆ. ತುದಿಯನ್ನು ಆಲ್ಕೋಹಾಲ್‌ನಿಂದ ಒರೆಸಿ, ನೆಟ್ಟಗೆ ಕೊನೆಯವರೆಗೂ ತೂರಿಸಿ, ಕೊಂಡಿ ಮುಚ್ಚಿ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಈ ಕೇಬಲ್ ಒಂದಿಷ್ಟು ಓರೆಯಾಗಿರಬಹುದು, ಅಷ್ಟಕ್ಕೇ ಬಟನ್ ಕೈಕೊಡುತ್ತದೆ.

ಇಷ್ಟಾದರೂ ಬಗ್ಗದಿದ್ದರೆ ಪಟ್ಟಿಯ ಬೋರ್ಡ್ ಬದಲಿಸಬೇಕು. ಬೋರ್ಡಿನ ಮೇಲಿರುವ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಹೋಗಿ, ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ್ದು ವಿಚಾರಿಸಿ. ಸಿಗದಿದ್ದರೆ ಕೇಬಲ್ ಕಿತ್ತು ಹಾಗೇ ಬಿಟ್ಟು, ವಾಲ್ಯೂಮ್‌ಗೆ ಕೀಬೋರ್ಡಿನ ಎಫ್ಎನ್ ಕೀ ಬಳಸಿ. ಕೀಳುವ ಮೊದಲು ಒಂದು ನೋಡಿಕೊಳ್ಳಿ: ಕೆಲವು ಮಾಡೆಲ್‌ಗಳಲ್ಲಿ ಪವರ್ ಬಟನ್ನೂ ಅದೇ ಕೇಬಲ್ ಮೇಲೆ ಇರುತ್ತದೆ, ಕಿತ್ತರೆ ಲ್ಯಾಪ್‌ಟಾಪ್ ಆನ್ ಆಗುವುದೇ ಇಲ್ಲ. ಅಂಥದ್ದಾದರೆ ಶಾರ್ಪ್‌ಕೀಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ವಾಲ್ಯೂಮ್ ಅಪ್, ವಾಲ್ಯೂಮ್ ಡೌನ್, ಮ್ಯೂಟ್ ಮೂರನ್ನೂ ಟರ್ನ್ ಕೀ ಆಫ್‌ಗೆ ಇಟ್ಟು ರೀಸ್ಟಾರ್ಟ್ ಮಾಡಿ. ಪಟ್ಟಿ ಕೀಬೋರ್ಡಿನ ದಾರಿಯಲ್ಲೇ ಸಿಗ್ನಲ್ ಕಳಿಸುತ್ತಿದ್ದರೆ ದೀಪಗಳು ಮಿಣುಕಿದರೂ ವಾಲ್ಯೂಮ್ ಅಲುಗಾಡುವುದಿಲ್ಲ. ಎಫ್ಎನ್ ಕೀಯ ವಾಲ್ಯೂಮ್ ಕೂಡ ಆಗ ನಿಲ್ಲುತ್ತದೆ, ಮೌಸ್‌ನಿಂದ ಸ್ಪೀಕರ್ ಚಿತ್ರದ ಮೇಲೆ ಕ್ಲಿಕ್ ಮಾಡಿಯೇ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು.